ಶಾಲೆಗೆ ಕಂಪ್ಯೂಟರ್ ಬಂತು, ನಡೆಸುವವರು ಯಾರು?

ಒಂದು ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಲ್ಯಾಬ್ ಮಾಡಲು ಎಷ್ಟು ದುಡ್ಡು ಬೇಕು? ಶಾಲೆಗಳಿಗೆ ಕೇಂದ್ರ, ರಾಜ್ಯ ಸೇರಿ ದುಡ್ಡು ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಇದಕ್ಕೊಂದು ಲೆಕ್ಕ ಇದೆ. ಲ್ಯಾಬ್ ಕೂರಿಸಲು ಒಂದೇ ಸಲ, ಹೆಚ್ಚೆಂದರೆ 6.40 ಲಕ್ಷ ರೂಪಾಯಿ. ಅದನ್ನು ನಡೆಸಲು ವರ್ಷಕ್ಕೆ ಹೆಚ್ಚೆಂದರೆ 2.40 ಲಕ್ಷ, ಐದು ವರ್ಷದವರೆಗೆ. ಕೂಡಿಸಿ ನೋಡಿ. ಕೊಳ್ಳಲು 6.40 ಲಕ್ಷ, ನಡೆಸಲು 12 ಲಕ್ಷ. ಅಂದರೆ ಐದು ವರ್ಷದ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಪೆಟ್ಟಿಗೆ ಬಿಚ್ಚಿದ ಮೇಲಿನದು.

ಈ ಲೆಕ್ಕ ಬರೆದದ್ದು ದೆಹಲಿಯವರು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆ ವಿದ್ಯಾರ್ಥಿಗಳೋ, ಯಾರೋ ದಾನಿಗಳೋ, ಪಂಚಾಯ್ತಿಯೋ ಶಾಲೆಗೆ ಕಂಪ್ಯೂಟರ್ ಕೊಡುವಾಗ ಮೊದಲ ಅಂಕಿ ಮಾತ್ರ ನೋಡುತ್ತಾರೆ. ಎರಡನೆಯದನ್ನು ಕೇಳುವವರಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಲ್ಯಾಬಿಗೆ ಬೀಗ ಬಿದ್ದರೆ ಆಶ್ಚರ್ಯಪಡುವಂಥದ್ದೇನಿಲ್ಲ.

ಹಾಗಾದರೆ ಆ ಎರಡನೇ ಅಂಕಿಯ ಬಗ್ಗೆ ಯೋಚಿಸಬೇಕಾದವರು ಯಾರು? ಇಲ್ಲಿ ಸ್ವಲ್ಪ ಗೋಜಲಿದೆ. ಉತ್ತರ ಕನ್ನಡ ಕಂದಾಯ ಲೆಕ್ಕದಲ್ಲಿ ಒಂದು ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಕಾರವಾರ ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯದು ಶಿರಸಿ ಶೈಕ್ಷಣಿಕ ಜಿಲ್ಲೆ. ಎರಡಕ್ಕೂ ಬೇರೆ ಬೇರೆ ಉಪನಿರ್ದೇಶಕರು. ಅವರ ಕೆಳಗೆ ತಾಲ್ಲೂಕಿಗೊಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ತರಬೇತಿ ನೋಡಿಕೊಳ್ಳಲು ಕ್ಷೇತ್ರ ಸಂಪನ್ಮೂಲ ಕೇಂದ್ರ ಅಂದರೆ ಬಿಆರ್‌ಸಿ, ಹತ್ತಾರು ಶಾಲೆಗಳ ಗುಂಪಿಗೆ ಒಬ್ಬರು ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿ. ಶಾಲೆಯಲ್ಲಿ ಮುಖ್ಯ ಶಿಕ್ಷಕರು, ಜೊತೆಗೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿ.

ಇಷ್ಟು ಮೆಟ್ಟಿಲುಗಳಿವೆ. ಆದರೆ ಪ್ರಿಂಟರ್ ಕೆಟ್ಟರೆ ಯಾವ ಮೆಟ್ಟಿಲಿಗೆ ಫೋನ್ ಮಾಡಬೇಕು? ಈ ಪ್ರಶ್ನೆಗೆ ನೇರ ಉತ್ತರ ಸಿಗುವುದು ಕಷ್ಟ. ಕೊಳ್ಳುವ ತೀರ್ಮಾನ ಆಗುವುದು ಬೆಂಗಳೂರಿನಲ್ಲಿ. ದುಡ್ಡು ಬರುವುದು ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ. ಕಂಪ್ಯೂಟರ್ ತರುವವನು ಟೆಂಡರ್ ಗೆದ್ದ ವೆಂಡರ್. ಶಾಲೆಯಲ್ಲಿ ಅದು ದಾಸ್ತಾನು ಪುಸ್ತಕದ ಒಂದು ಸಾಲು. ಕಳೆದುಹೋದರೆ ಅದಕ್ಕೆ ಮುಖ್ಯ ಶಿಕ್ಷಕರೇ ಹೊಣೆ. ಇಂಥ ಕಡೆ ಲ್ಯಾಬಿಗೆ ಬೀಗ ಹಾಕಿಡುವ ಮಾಸ್ತರನ್ನು ಬೈಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮಕ್ಕಳು ಮುಟ್ಟಿ ಕೆಟ್ಟರೆ ರಿಪೇರಿಗೆ ದುಡ್ಡಿಲ್ಲ. ಮುಟ್ಟದೆ ಹಾಗೇ ಇದ್ದರೆ ತಪಾಸಣೆಗೆ ಬಂದವರಿಗೆ ಎಣಿಸಿ ತೋರಿಸಬಹುದು. ವ್ಯವಸ್ಥೆಯೇ ಬೀಗ ಹಾಕು ಅನ್ನುತ್ತಿದೆ, ಅಲ್ವಾ?

ಕರ್ನಾಟಕ ಈ ಪಾಠವನ್ನು ಒಮ್ಮೆ ಕಲಿತಿದೆ. ಕೇಂದ್ರದ ಐಸಿಟಿ ಅಟ್ ಸ್ಕೂಲ್ಸ್ ಯೋಜನೆ 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದರಡಿ ನಮ್ಮಲ್ಲಿ ನಡೆದದ್ದು ಗುತ್ತಿಗೆ ಪದ್ಧತಿ. ಕಂಪನಿಯವರೇ ಲ್ಯಾಬ್ ಕಟ್ಟಬೇಕು, ಕಲಿಸುವವರನ್ನೂ ಅವರೇ ಇಟ್ಟು ಐದು ವರ್ಷ ನಡೆಸಬೇಕು, ಆಮೇಲೆ ಶಾಲೆಗೆ ಬಿಟ್ಟುಕೊಡಬೇಕು. ಗುತ್ತಿಗೆ ಮುಗಿದಾಗ ಕಲಿಸುವವರು ಹೋದರು, ಹಳೆಯದಾದ ಯಂತ್ರಗಳು ಉಳಿದವು. ಶಾಲೆಯ ಶಿಕ್ಷಕರು ಅದರ ಹತ್ತಿರವೂ ಹೋಗಿರಲಿಲ್ಲ. ಹೋಗಬೇಕಾದ ಕಾರಣವೂ ಇರಲಿಲ್ಲ. ಆಮೇಲೆ 2016ರ ಹೊತ್ತಿಗೆ ಬಂದ ರಾಜ್ಯದ ಟಾಲ್ಪ್ (ತಂತ್ರಜ್ಞಾನ ನೆರವಿನ ಕಲಿಕೆ) ಯೋಜನೆ ದಿಕ್ಕು ಬದಲಿಸಿತು. ಗಣಿತದವರು ಗಣಿತಕ್ಕೆ, ವಿಜ್ಞಾನದವರು ವಿಜ್ಞಾನಕ್ಕೆ ತಾವೇ ಕಂಪ್ಯೂಟರ್ ಬಳಸಲಿ ಎಂದು ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟರು. ನನ್ನ ಪ್ರಕಾರ ದಿಕ್ಕು ಸರಿಯಾಗಿತ್ತು. ಹೊರಗಿನವರು ಹೊತ್ತುಕೊಂಡ ಕೆಲಸ ಅವರ ಬೆನ್ನ ಹಿಂದೆಯೇ ಹೋಗಿಬಿಡುತ್ತದೆ.

ಇನ್ನು ಯೋಜನೆ ಎಲ್ಲಿಂದ ಶುರು ಮಾಡಬೇಕು? ಪಾಠದಿಂದ. ಯಾವ ತರಗತಿಯಲ್ಲಿ ಏನು ಮಾಡಲು ಈ ಯಂತ್ರ ಬೇಕು ಎಂದು ಶಾಲೆ ಮೊದಲು ಒಂದು ಹಾಳೆಯಲ್ಲಿ ಬರೆಯಲಿ. ಒಂಬತ್ತನೇ ತರಗತಿಯಲ್ಲಿ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು ತ್ರಿಕೋನದ ಮೂಲೆ ಎಳೆದರೆ ಕೋನಗಳ ಮೊತ್ತ ಬದಲಾಗುವುದಿಲ್ಲ ಎಂದು ಮಕ್ಕಳು ತಾವೇ ಕಾಣುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ತೋಟದ ಮನೆಗಳಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವರು ಇದ್ದಾರೆ. ಶಾಲೆಯಲ್ಲೂ ಒಂದು ಮಳೆ ಮಾಪಕ ಇಟ್ಟು ಜೂನ್‌ನಿಂದ ದಿನಾ ಅಳೆದು ಸ್ಪ್ರೆಡ್‌ಶೀಟ್‌ಗೆ ಹಾಕಿದರೆ, ದಸರಾ ರಜೆಯ ಹೊತ್ತಿಗೆ ಸರಾಸರಿ, ನಕ್ಷೆ, ಹೋಲಿಕೆ ಎಲ್ಲ ಅದರೊಳಗೇ ಬಂತು. ಕಾರವಾರದ ಮಕ್ಕಳು ಕಾಳಿ ಅಳಿವೆಯ ಉಬ್ಬರ ಇಳಿತದ ಹೊತ್ತನ್ನು ಹೀಗೇ ಬರೆಯಬಹುದು. ಇದ್ಯಾವುದಕ್ಕೂ ಇಂಟರ್ನೆಟ್ ಬೇಡ, ದುಬಾರಿ ಯಂತ್ರವೂ ಬೇಡ. ಹಾಳೆಯಲ್ಲಿ ಬರೆಯಲು ಏನೂ ತೋಚದಿದ್ದರೆ ಆ ಶಾಲೆಗೆ ಸದ್ಯಕ್ಕೆ ಲ್ಯಾಬ್ ಬೇಡವೇ ಬೇಡ.

ಶಾಲೆಯ ಗಾತ್ರವನ್ನೂ ನೋಡಬೇಕು. ಜೋಯಿಡಾ, ಯಲ್ಲಾಪುರದ ಕಾಡಿನ ನಡುವೆ ಒಬ್ಬರೋ ಇಬ್ಬರೋ ಶಿಕ್ಷಕರು ಎಲ್ಲ ತರಗತಿ ನಡೆಸುವ ಕಿರಿಯ ಪ್ರಾಥಮಿಕ ಶಾಲೆಗಳಿವೆ. ಅಲ್ಲಿ ಲ್ಯಾಬ್ ಅನ್ನುವ ಮಾತಿಗೇ ಅರ್ಥವಿಲ್ಲ. ಒಂದು ಲ್ಯಾಪ್‌ಟಾಪ್, ಗೋಡೆಗೆ ಬೆಳಕು ಬಿಡುವ ಒಂದು ಚಿಕ್ಕ ಪ್ರೊಜೆಕ್ಟರ್, ಎರಡು ಸ್ಪೀಕರ್ ಸಾಕು. ಅಕ್ಕೋರು ಮೂರನೇ ತರಗತಿಗೆ ಲೆಕ್ಕ ಹೇಳುವಾಗ ಐದನೆಯವರು ಒಂದು ಕಡೆ ಕೂತು ಪಾಠ ಕೇಳಬಹುದು. ಹೈಸ್ಕೂಲಿನ ಕಥೆ ಬೇರೆ. ತರಗತಿಯಲ್ಲಿ 40 ಮಕ್ಕಳು, ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಎಂದುಕೊಳ್ಳಿ. ಒಂದರ ಮುಂದೆ ನಾಲ್ವರು. ಮೌಸ್ ಒಬ್ಬನ ಕೈಯಲ್ಲಿ, ಉಳಿದ ಮೂವರು ಅವನ ಹೆಗಲ ಮೇಲಿಂದ ಇಣುಕುತ್ತಾರೆ. ಎರಡು ತಂಡ ಮಾಡಿ ಇಬ್ಬರಿಗೊಂದರಂತೆ ಕೊಡಿ ಎನ್ನುವುದು ಸುಲಭ. ಆದರೆ ಉಳಿದ 20 ಮಕ್ಕಳನ್ನು ಆ ಹೊತ್ತಿಗೆ ನೋಡಿಕೊಳ್ಳುವವರು ಯಾರು ಎಂಬುದನ್ನು ವೇಳಾಪಟ್ಟಿಯಲ್ಲೇ ಬರೆಯಬೇಕು. ಇದನ್ನು ಬರೆಯದ ಯೋಜನೆ ಮೊದಲ ವಾರದಲ್ಲೇ ಮುರಿದುಬೀಳುತ್ತದೆ.

ಈಗ ನಮ್ಮ ಜಿಲ್ಲೆಯ ನಿಜವಾದ ಅಧಿಕಾರಿಯ ಬಗ್ಗೆ ಹೇಳಬೇಕು: ಮಳೆ.

ಸೂಪಾ, ಕದ್ರಾ, ಕೊಡಸಳ್ಳಿ, ಗೇರುಸೊಪ್ಪದಲ್ಲಿ ನೀರಿನಿಂದ ವಿದ್ಯುತ್ ತೆಗೆಯುತ್ತಾರೆ, ಕೈಗಾದಲ್ಲಿ ಅಣುವಿನಿಂದ. ಆದರೂ ಜೂನ್ ತಿಂಗಳ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಹಳ್ಳಿಯಲ್ಲಿ ಎರಡು ದಿನ ಕತ್ತಲೆ. ಹಾಗಾಗಿ ಕರೆಂಟಿನ ಲೆಕ್ಕ ಹಾಕದೆ ಯಂತ್ರ ಆರಿಸುವುದು ತಪ್ಪು. ಲೆಕ್ಕ ಕಷ್ಟದ್ದೇನಲ್ಲ. ಮಾನಿಟರ್ ಸೇರಿ ಒಂದು ಡೆಸ್ಕ್‌ಟಾಪ್ ಸುಮಾರು 100 ವಾಟ್ ಎಳೆಯುತ್ತದೆ. ಹತ್ತಕ್ಕೆ 1,000 ವಾಟ್. ಮನೆಯ ಇನ್ವರ್ಟರಿಗೆ ಇಡುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇರುತ್ತದೆ. ಪೂರ್ತಿ ಹಿಂಡಿದರೆ ಬ್ಯಾಟರಿ ಬೇಗ ಹಾಳು. ಹಾಗಾಗಿ ಧಾರಾಳವಾಗಿ ಹಿಡಿದರೂ ಸಿಗುವುದು 1,200ರ ಆಸುಪಾಸು. ಅಂದರೆ ಒಂದು ಬ್ಯಾಟರಿಗೆ ಹತ್ತು ಡೆಸ್ಕ್‌ಟಾಪ್ ಒಂದು ತಾಸಿನ ಮೇಲೆ ಸ್ವಲ್ಪ ಓಡಬಹುದು ಅಷ್ಟೆ. ಅದೇ ಹತ್ತು ಲ್ಯಾಪ್‌ಟಾಪ್ ಆದರೆ ತಲಾ 40 ವಾಟ್ ಹಿಡಿದರೂ ಮೂರು ತಾಸು. ಮೇಲಾಗಿ ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆ. ಬಯಲುಸೀಮೆಯ ಜಿಲ್ಲೆಗೆ ಡೆಸ್ಕ್‌ಟಾಪ್ ಅಗ್ಗ ಇರಬಹುದು. ನಮಗೆ ಯುಪಿಎಸ್, ಬ್ಯಾಟರಿ ಎಲ್ಲ ಸೇರಿಸಿ ನೋಡಿದರೆ ಹಾಗೆನ್ನಲು ಆಗುವುದಿಲ್ಲ. ರಾಜ್ಯಕ್ಕೆಲ್ಲ ಒಂದೇ ಟೆಂಡರ್, ಒಂದೇ ಮಾದರಿ ಅಂದಾಗ ಈ ವ್ಯತ್ಯಾಸ ಕಾಣದೆ ಹೋಗುತ್ತದೆ. ಜಿಲ್ಲೆಯವರು ಬಾಯಿಬಿಟ್ಟು ಹೇಳಬೇಕಾದ ಜಾಗ ಇದೇ.

ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ ರಾಜ್ಯ ಸರ್ಕಾರ 2023ರ ನವೆಂಬರ್ 1ರಂದು ಘೋಷಿಸಿತು. ಬಿಲ್ಲಿನ ಭಯಕ್ಕೆ ಲ್ಯಾಬ್ ಮುಚ್ಚಿಡುತ್ತಿದ್ದ ಶಾಲೆಗಳಿಗೆ ಅದು ದೊಡ್ಡ ಮಾತೇ. ಆದರೆ ಬಿಲ್ ಇಲ್ಲದಿದ್ದರೂ ಸಿಡಿಲು ಇದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಜೂನ್ ಮಳೆಗಿಂತ ಅಪಾಯ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಇಂಟರ್ನೆಟ್ ಕೇಬಲ್ಲನ್ನೂ ಕೀಳಬೇಕು. ಅದನ್ನು ಮರೆಯುವವರು ಜಾಸ್ತಿ. ಅರ್ಥಿಂಗ್ ಗುಂಡಿಯ ವಿಷಯವೂ ಹೀಗೇ. ನಮ್ಮ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿ ಕಲ್ಲಾದಾಗ ಅರ್ಥಿಂಗ್ ದುರ್ಬಲ ಆಗುತ್ತದೆ, ಸಿಡಿಲಿನ ಕಾಲವೂ ಅದೇ. ಆಗಾಗ ಗುಂಡಿಗೆ ನೀರು ಹಾಕಬೇಕು. ಈ ಕೆಲಸಕ್ಕೆ ಅನುದಾನ ಬೇಡ, ಒಂದು ಕೊಡ ಸಾಕು.

ಕರಾವಳಿಯಲ್ಲಿ ಇನ್ನೊಂದು ಶತ್ರು ಉಪ್ಪುಗಾಳಿ. ಸಮುದ್ರದ ಹತ್ತಿರದ ಶಾಲೆಯಲ್ಲಿ ಸ್ಕ್ರೂ, ಪೋರ್ಟ್, ಕೇಬಲ್ಲಿನ ತುದಿ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಘಟ್ಟದ ಮೇಲೆ ಥಂಡಿ, ಬೂಷ್ಟು. ಎರಡೂ ಕಡೆ ಇಲಿ, ಹಲ್ಲಿ, ಇರುವೆ. ಜುಲೈನಲ್ಲಿ ಮಳೆಗೆ ರಜೆ ಕೊಟ್ಟಾಗ ಲ್ಯಾಬ್ ಹತ್ತಾರು ದಿನ ಮುಚ್ಚಿರುತ್ತದೆ. ನಡೆಯದ ಯಂತ್ರದೊಳಗೆ ತೇವ ಕೂರುತ್ತದೆ. ನಡೆಯುವ ಯಂತ್ರ ತನ್ನ ಬಿಸಿಗೆ ತಾನೇ ಒಣಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ವಾರಕ್ಕೆ ಒಂದೆರಡು ಸಲ ಎಲ್ಲವನ್ನೂ ಅರ್ಧ ತಾಸು ಓಡಿಸುವುದೇ ಒಳ್ಳೆಯ ಔಷಧಿ. ಪ್ಲಾಸ್ಟಿಕ್ ಹೊದಿಕೆ ಹಾಕಿ ಬಿಗಿಯಾಗಿ ಕಟ್ಟಿಡುವವರಿದ್ದಾರೆ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಬಟ್ಟೆಯ ಹೊದಿಕೆ ಸಾಕು. ಹಂಚಿನ ಮಾಡು ಸೋರುವ ಕೋಣೆಯಾದರೆ ಯಂತ್ರದ ಮೊದಲು ಮಾಡು ರಿಪೇರಿ ಮಾಡಿಸಬೇಕು.

ಇಂಟರ್ನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಗ್ರಾಮೀಣ ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಎಂದು 2025ರ ಕೇಂದ್ರ ಬಜೆಟ್ ಹೇಳಿದೆ. ಬರಲಿ. ಆದರೆ ಬಂದ ಕೇಬಲ್ ಕಂಬದ ಮೇಲೆ ಮರಗಳ ನಡುವೆಯೇ ಹಾದುಬರಬೇಕು. ಆದ್ದರಿಂದ ನಮ್ಮಲ್ಲಿ ಯೋಜನೆ ಮಾಡುವವರು ಇಂಟರ್ನೆಟ್ ಇಲ್ಲ ಎಂದುಕೊಂಡೇ ಶುರು ಮಾಡುವುದು ಜಾಣತನ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆಯುವ ದೀಕ್ಷಾ ಆ್ಯಪ್ 2017ರಿಂದ ಇದೆ. ಅದರ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನೇ ಪೆನ್ ಡ್ರೈವ್‌ನಲ್ಲಿ ಹೊತ್ತು ತರಬಹುದು. ತಿಂಗಳಿಗೊಮ್ಮೆ ಸಿಆರ್‌ಪಿ ತಮ್ಮ ಬ್ಯಾಗಿನಲ್ಲಿ ಒಂದು ಹಾರ್ಡ್ ಡಿಸ್ಕ್ ತಂದು ಹೊಸ ಪಾಠ ಹಾಕಿಕೊಟ್ಟು ಹೋದರೆ ಅದೂ ಒಂದು ನೆಟ್‌ವರ್ಕೇ. ಪಾಠ ಆರಿಸುವಾಗ ಒಂದು ವಿಷಯ ನೆನಪಿರಲಿ. ಕಾರವಾರ, ಹಳಿಯಾಳದಲ್ಲಿ ಮರಾಠಿ ಮಾಧ್ಯಮದ ಶಾಲೆಗಳಿವೆ, ಭಟ್ಕಳದಲ್ಲಿ ಉರ್ದುವಿನವು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಂತೂ ಎಲ್ಲ ಕಡೆ. ಬೆಂಗಳೂರಿನ ಕನ್ನಡದಲ್ಲಿ ಮಾಡಿದ ಒಂದೇ ವಿಡಿಯೊ ಎಲ್ಲರಿಗೂ ಒಗ್ಗುವುದಿಲ್ಲ.

ದಾನದ ಕಂಪ್ಯೂಟರಿಗೆ ಬರೋಣ. ಬೆಂಗಳೂರಿನ ಕಂಪನಿಗಳಲ್ಲಿ ಇರುವ ನಮ್ಮೂರ ಹುಡುಗರು ಆಫೀಸಿನಲ್ಲಿ ತೆಗೆದುಹಾಕಿದ ಯಂತ್ರಗಳನ್ನು ಶಾಲೆಗೆ ಕೊಡಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆ ಯಂತ್ರಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ, ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅವುಗಳಲ್ಲಿ ಇರುವುದಿಲ್ಲ. ಹಾಗಂತ ಅವು ಗುಜರಿಗಲ್ಲ. ವಿಂಡೋಸ್ ಬದಲು ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಓಡುತ್ತವೆ. ಕೇರಳ ತನ್ನ ಶಾಲೆಗಳನ್ನೆಲ್ಲ ಹೀಗೆ ಮುಕ್ತ ತಂತ್ರಾಂಶದ ಮೇಲೇ ನಡೆಸುತ್ತಿದೆ. ದಾನ ಒಪ್ಪುವ ಮೊದಲು ಶಾಲೆ ಕೇಳಬೇಕಾದದ್ದು ಎರಡೇ ಮಾತು. ಬ್ಯಾಟರಿ ಹೊಸದಾಗಿ ಹಾಕಿಸಿಕೊಡುತ್ತೀರಾ? ಮೂರು ವರ್ಷದ ರಿಪೇರಿ ಖರ್ಚನ್ನೂ ನೋಡುತ್ತೀರಾ? ಹೀಗೆ ಕೇಳಲು ಸಂಕೋಚ ಬೇಡ. ಆಕಳು ದಾನ ಕೊಡುವವರು ಹುಲ್ಲಿನ ಬಗ್ಗೆಯೂ ಒಂದು ಮಾತು ಕೇಳಿಸಿಕೊಳ್ಳಬೇಕಷ್ಟೆ. ಏಕೆಂದರೆ 30ರವರೆಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದಲ್ಲಿ ಸಿಗುವ ಶಾಲಾ ಅನುದಾನ ವರ್ಷಕ್ಕೆ 10,000 ರೂಪಾಯಿ. ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆ ಎಲ್ಲ ಅದರಲ್ಲೇ ಆಗಬೇಕು. ಲ್ಯಾಬಿನ ಮಾನದಂಡ ಇರುವುದು 6ನೇ ತರಗತಿಯಿಂದ ಮೇಲಿನವರಿಗೆ. ಹಾಗಾಗಿ ಕಿರಿಯ ಪ್ರಾಥಮಿಕ ಶಾಲೆಗೆ ಬೇರೆ ದಾರಿಯೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ಯಂತ್ರ ಕೆಡುತ್ತದೆ. ಆಗ ಏನು? ಕೇರಳದಲ್ಲಿ ಇದಕ್ಕೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯೇ ಇದೆ. 2001ರ ಐಟಿ ಅಟ್ ಸ್ಕೂಲ್ ಯೋಜನೆಯಿಂದ ಬೆಳೆದು ಬಂದದ್ದು. ಜಿಲ್ಲೆಗಳಲ್ಲಿ ಅದರ ಮಾಸ್ಟರ್ ಟ್ರೈನರ್‌ಗಳಿದ್ದಾರೆ. ಶಾಲೆಯಲ್ಲಿ ಶಿಕ್ಷಕರೊಬ್ಬರಿಗೆ ಐಟಿ ಹೊಣೆ. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟವೂ ಇದೆ. ನಮಗೆ ಅಂಥ ಸಂಸ್ಥೆ ಇಲ್ಲ. ಆದರೆ ಈಗಿರುವ ಮೆಟ್ಟಿಲುಗಳಲ್ಲೇ ಕೆಲಸ ಹಂಚಬಹುದು. ಕೇಬಲ್ ಸಡಿಲ, ಮೌಸ್ ಕೆಲಸ ಮಾಡುತ್ತಿಲ್ಲ, ಕನ್ನಡ ಟೈಪ್ ಆಗುತ್ತಿಲ್ಲ ಎಂಬಂಥವು ಶಾಲೆಯೊಳಗೇ ಮುಗಿಯಬೇಕು. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಹೇಳಿಕೊಟ್ಟರೆ ಅರ್ಧ ದೂರು ಅಲ್ಲೇ ಕರಗುತ್ತದೆ. ನಾಲ್ವರಲ್ಲಿ ಇಬ್ಬರು ಹುಡುಗಿಯರಿರಲಿ, ಇಲ್ಲದಿದ್ದರೆ ಹುಡುಗರೇ ಮೌಸ್ ಹಿಡಿದು ಕೂರುತ್ತಾರೆ. ಸಿಸ್ಟಂ ಮತ್ತೆ ಇನ್‌ಸ್ಟಾಲ್ ಮಾಡುವುದು, ಪ್ರೊಜೆಕ್ಟರ್ ಸೆಟ್ಟಿಂಗ್, ಇಂಥವು ಸಿಆರ್‌ಪಿ ಮಟ್ಟಕ್ಕೆ. ಬೋರ್ಡ್ ಸುಟ್ಟರೆ, ಬ್ಯಾಟರಿ ಸತ್ತರೆ ತಾಲ್ಲೂಕಿಗೆ. ವಾರಂಟಿ ಇದ್ದರೆ ವೆಂಡರಿಗೆ. ಪ್ರತಿ ಮೆಟ್ಟಿಲಿಗೂ ದಿನದ ಗಡು ಇರಬೇಕು.

ಇದಕ್ಕೆ ಬೇಕಾದ ಮುಖ್ಯ ಸಲಕರಣೆ ಒಂದು ನೋಟ್‌ಬುಕ್. ಯಾವ ತಾರೀಕು, ಯಾವ ಯಂತ್ರ, ಏನು ಕೆಟ್ಟಿತು, ಯಾರಿಗೆ ಹೇಳಿದ್ದು, ಯಾವಾಗ ಸರಿಯಾಯಿತು. ಐದು ಅಂಕಣ. ವರ್ಷದ ಕೊನೆಗೆ ಒಂದು ತಾಲ್ಲೂಕಿನ ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಜಿಲ್ಲೆಗೆ ಬೇರೆ ಸಮೀಕ್ಷೆಯೇ ಬೇಡ. ಕೆಟ್ಟದ್ದರಲ್ಲಿ ಹೆಚ್ಚಿನವು ಯುಪಿಎಸ್ ಎಂದು ಕಂಡರೆ ಮುಂದಿನ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಹೊಸ ಕಂಪ್ಯೂಟರ್ ಕೇಳುವ ಬದಲು ಬ್ಯಾಟರಿ ಕೇಳಬಹುದು. ಒಂದೇ ಕಂಪನಿಯ ಪ್ರೊಜೆಕ್ಟರ್ ಎಲ್ಲ ಕಡೆ ಕೆಟ್ಟಿದ್ದರೆ ವಾರಂಟಿ ಮುಗಿಯುವ ಮೊದಲೇ ಗಲಾಟೆ ಮಾಡಬಹುದು. ಕಾಗದದಲ್ಲಿ ಇಲ್ಲದ ದೂರು ಮೇಲಿನವರ ಮಟ್ಟಿಗೆ ನಡೆದೇ ಇಲ್ಲ.

ಬಿಡಿಭಾಗಗಳನ್ನು ಮೇ ಕೊನೆಯೊಳಗೆ ತಾಲ್ಲೂಕಿಗೆ ತಂದಿಡುವುದು ನಮ್ಮ ಜಿಲ್ಲೆಗೆ ಮಾತ್ರ ಹೊಳೆಯಬಹುದಾದ ನಿಯಮ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮುಂದಿನ ತಿಂಗಳು, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಟೆಕ್ನಿಷಿಯನ್ ಬರುತ್ತಾನೆ ಎಂದು ಕಾಯುವ ಯೋಜನೆ ಇಲ್ಲಿ ನಡೆಯುವುದಿಲ್ಲ.

ಶಿಕ್ಷಕರ ತರಬೇತಿಯ ಬಗ್ಗೆ ನನ್ನದೊಂದು ತಕರಾರಿದೆ. ಕುಮಟಾದ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲೋ ತಾಲ್ಲೂಕು ಕೇಂದ್ರದಲ್ಲೋ ಕೆಲವು ದಿನ ಕೂರಿಸಿ ಎಲ್ಲವನ್ನೂ ಒಮ್ಮೆಗೇ ಹೇಳಿಕೊಟ್ಟರೆ ಊರಿಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಸಮೂಹ ಮಟ್ಟದ ಸಮಾಲೋಚನಾ ಸಭೆ ಹೇಗೂ ನಡೆಯುತ್ತದೆ. ಅದರಲ್ಲಿ ಅರ್ಧ ತಾಸು ತೆಗೆದಿಟ್ಟು ಒಬ್ಬರು ಅಕ್ಕೋರು ತಾವು ಮಾಡಿದ ಒಂದೇ ಒಂದು ಪಾಠವನ್ನು ತೋರಿಸಲಿ. ಎಲ್ಲಿ ಕೈಕೊಟ್ಟಿತು ಎಂಬುದನ್ನೂ ಹೇಳಲಿ. ಪಕ್ಕದ ಶಾಲೆಯವರು ಮಾಡಿದ್ದು ಕಣ್ಣಿಗೆ ಕಂಡರೆ ನಾನೂ ಮಾಡಬಹುದು ಅನ್ನಿಸುತ್ತದೆ. ಇನ್ನೊಂದು ಸಂಗತಿ ವರ್ಗಾವಣೆ. ಎಲ್ಲ ಬಲ್ಲ ಒಬ್ಬರು ಮಾಸ್ತರು ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕಿಗೆ ಹೋದರೆ ಪಾಸ್‌ವರ್ಡ್ ಕೂಡ ಅವರ ಜೊತೆಗೇ ಹೋಗುತ್ತದೆ. ಪ್ರತಿ ಶಾಲೆಯಲ್ಲೂ ಇಬ್ಬರಿಗೆ ತಿಳಿದಿರಬೇಕು. ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಎಂದೂ ಸಭೆಯಲ್ಲಿ ಹೇಳಿಬಿಡಬೇಕು. ಹಳೆ ಫಾಂಟುಗಳಲ್ಲಿ ಮಾಡಿದ ಕಡತ ಮುಂದೆ ಬೇರೆಯವರ ಫೋನಿನಲ್ಲಿ ತೆರೆದರೆ ಬರೀ ಗೊಂದಲದ ಅಕ್ಷರ.

ಶಾಲೆಯ ತಂತ್ರಜ್ಞಾನದಲ್ಲಿ ಪಾಠಕ್ಕಿಂತ ಡೇಟಾ ಎಂಟ್ರಿಯೇ ಜಾಸ್ತಿ ಎಂಬುದನ್ನೂ ಯೋಜನೆ ಒಪ್ಪಿಕೊಳ್ಳಬೇಕು. ಮಕ್ಕಳ, ಶಾಲೆಯ ಮಾಹಿತಿ ತುಂಬುವ ಸ್ಯಾಟ್ಸ್, ಯುಡೈಸ್ ಪ್ಲಸ್ ಜಾಲತಾಣಗಳು, ಬಿಸಿಯೂಟದ ಲೆಕ್ಕ, ಆಧಾರ್ ಹೆಸರಿನ ತಿದ್ದುಪಡಿ. ಇವು ನಡೆಯುವುದು ಬಹುಪಾಲು ಶಿಕ್ಷಕರ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ. ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಒಂದನ್ನು, ಇಂಟರ್ನೆಟ್ ಸಮೇತ, ಇದಕ್ಕೆಂದೇ ಬಿಟ್ಟರೆ ತಪ್ಪಿಲ್ಲ. ಆದರೆ ಆ ಮಾಹಿತಿ ಮಕ್ಕಳದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ನೋಡುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಶಾಲೆಗಳಿಗೆ ಕೆಲವು ವಿನಾಯಿತಿ ಇವೆ. ಹಾಗಿದ್ದರೂ ಪಾಸ್‌ವರ್ಡನ್ನು ಕಪಾಟಿನ ಬಾಗಿಲಿಗೆ ಅಂಟಿಸುವುದು, ಮಕ್ಕಳ ಆಧಾರ್ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ನಿಲ್ಲಬೇಕು.

ಕೊನೆಗೆ ಸತ್ತ ಯಂತ್ರಗಳು. ದಾಸ್ತಾನು ಪುಸ್ತಕದಿಂದ ತೆಗೆಯಲು ಮೇಲಿನವರ ಅನುಮತಿ ಬೇಕು, ಅದಕ್ಕೆ ಹೆದರಿ ಎಷ್ಟೋ ಶಾಲೆಗಳು ಹಳೆ ಮಾನಿಟರ್‌ಗಳನ್ನು ಅಕ್ಕಿ ಮೂಟೆಯ ಪಕ್ಕದಲ್ಲೇ ಪೇರಿಸಿಟ್ಟಿರುತ್ತವೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವನ್ನು ಸಿಕ್ಕ ಗುಜರಿಯವರಿಗೆ ತೂಕಕ್ಕೆ ಹಾಕುವಂತಿಲ್ಲ, ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಒಂದೊಂದೇ ಶಾಲೆಗೆ ಇದು ಆಗುವ ಕೆಲಸವಲ್ಲ. ಬಿಇಒ ಕಚೇರಿ ವರ್ಷಕ್ಕೊಂದು ದಿನ ಗೊತ್ತುಮಾಡಿ, ತಾಲ್ಲೂಕಿನದ್ದೆಲ್ಲ ಒಂದೇ ಕಡೆ ತರಿಸಿ, ಒಂದೇ ಅನುಮತಿಯಲ್ಲಿ ಕಳಿಸಿಬಿಡಬಹುದು. ಮಳೆ ಶುರುವಾಗುವ ಮುಂಚೆ, ಏಪ್ರಿಲ್‌ನಲ್ಲಿ ಮಾಡಿದರೆ ಲಾರಿ ಸಿಗುತ್ತದೆ, ಕೋಣೆಯೂ ಖಾಲಿಯಾಗುತ್ತದೆ. ಕಳಿಸುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ, ಮಕ್ಕಳ ಮಾಹಿತಿ ಅದರಲ್ಲೇ ಇರುತ್ತದೆ.